ಸುಟ್ಟ ಕೈಗೆ ಇಳಿದ ಜೇನು

ಹಾಲಗುಂಡಿಯ ಗುಡ್ಡದ ಮೇಲೆ ಒಂದು ದೊಡ್ಡ ಬಂಡೆ. ಅದರ ನೆರಳೇ ಪೂಜ್ಯ ಬಿಲ್ವಯ್ಯಜ್ಜನವರ ಮಠ. ಮಲಗಲು ಒಂದು ಕಂಬಳಿ, ನೀರಿಗೆ ಒಂದು ಮಣ್ಣಿನ ಕೊಡ, ಇಷ್ಟೇ ಅವರ ಸಂಸಾರ. ತಲೆಯ ಮೇಲೆ ಬಂಡೆಯ ಅಂಚಿಗೆ ಹೆಜ್ಜೇನಿನ ಹುಟ್ಟು ತೂಗುತ್ತಿತ್ತು. ಬೇವು ಹೂಬಿಡುವ ಕಾಲಕ್ಕೆ ಅಲ್ಲಿ ಹೋಗಿ ಕುಳಿತವರಿಗೆ, ಗುಂಯ್ ಎನ್ನುವುದು ಜೇನೋ, ಅಜ್ಜನವರ ಜಪವೋ, ತಮ್ಮದೇ ಎದೆಯೋ ತಿಳಿಯದೆ, ಕಣ್ಣು ತಾವಾಗಿಯೇ ಮುಚ್ಚಿ ಬರುತ್ತಿದ್ದವಂತೆ.

ಅಂಥ ಒಂದು ಮಧ್ಯಾಹ್ನ ನೇಕಾರರ ಬನದಪ್ಪ ಉರಿಯುವ ಪಂಜು ಹಿಡಿದು ಗುಡ್ಡ ಏರಿ ಬಂದ. ಹಿಂದೆ ಅವನ ಹೆಂಡತಿ ಸಾವಂತ್ರೆವ್ವ, ಬಲಗೈಗೆ ಬಾಳೆಲೆ ಸುತ್ತಿಕೊಂಡು. ನೂಲಿಗೆ ಬಣ್ಣ ಹಾಕುವಾಗ ಕುದಿಯುವ ಕೊಪ್ಪರಿಗೆ ವಾಲಿ ಆಕೆಯ ಕೈ ಬೆಂದಿತ್ತು. ಗಾಯ ಮಾಯಲೊಲ್ಲದು. ಬೆರಳುಗಳು ಒಂದಕ್ಕೊಂದು ಅಂಟತೊಡಗಿದ್ದವು. ಹೀಗೇ ಬಿಟ್ಟರೆ ಆ ಕೈ ಮಗ್ಗಕ್ಕೂ ಇಲ್ಲ, ತುತ್ತಿಗೂ ಇಲ್ಲ. ಹೊಸ ಜೇನುತುಪ್ಪ ಹಚ್ಚಿದರೆ ಮಾಯ್ದೀತು ಎಂದು ಊರ ವೈದ್ಯರು ಹೇಳಿದ್ದರು.

"ಅಜ್ಜಾರ, ಸ್ವಲ್ಪ ಆ ಕಡೆ ಸರೀರಿ. ಹುಟ್ಟು ಸುಟ್ಟು ಇಳಸ್ತೀನಿ" ಎಂದ ಬನದಪ್ಪ.

ಸಾವಂತ್ರೆವ್ವನಿಗೆ ನಾಚಿಕೆಯಾಯಿತು. "ಕಾಲಿಗೆ ಬೀಳೂದು ಬಿಟ್ಟು ಪಂಜು ತೋರಸ್ತೀರಲ್ಲ!"

"ಕಾಲಿಗೆ ಬಿದ್ರ ಚಿಟಿಕಿ ಬೂದಿ ಕೊಡ್ತಾರ. ಬೂದಿ ನಮ್ಮ ಒಲಿಯಾಗೂ ಐತಿ. ನನಗ ತುಪ್ಪ ಬೇಕು."

ಅಜ್ಜನವರು ಮುಗುಳ್ನಕ್ಕು ಸಾವಂತ್ರೆವ್ವನ ಬಾಳೆಲೆ ಬಿಡಿಸಿದರು. ಗಾಯವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ತಮ್ಮಾ, ಈ ನೋವು ಕೊಟ್ಟದ್ದು ಬೆಂಕಿ. ಮದ್ದನ್ನೂ ಬೆಂಕೀನ ಕೇಳ್ತೀಯೇನು? ಮ್ಯಾಲಿನ ಮನ್ಯಾಗ ಮರಿ ಮಲಗ್ಯಾವ" ಎಂದರು.

ಬನದಪ್ಪ ಹೆಂಡತಿಯ ಕೈ ನೋಡಿದ. ಹುಟ್ಟಿನ ಕಡೆ ತಲೆಯೆತ್ತಿದ. ಕೊಪ್ಪರಿಗೆ ವಾಲಿದ ದಿನದ ಆಕೆಯ ಕೂಗು ಕಿವಿಯಲ್ಲಿ ಮತ್ತೆ ಎದ್ದಿತೇನೋ, ಪಂಜನ್ನು ಮಣ್ಣಿಗೆ ಒತ್ತಿ ಆರಿಸಿಬಿಟ್ಟ.

ಅಜ್ಜನವರು ಬಂಡೆ ಏರಿದರು. ಬರಿಗೈ ಚಾಚಿದಾಗ ಜೇನಿನ ಆ ಕಪ್ಪು ಪರದೆ, ಗಾಳಿಗೆ ಸೀರೆಯ ಸೆರಗು ಸರಿದಂತೆ ಸರಿಯಿತು. ಮೊಳಕೈವರೆಗೂ ಹುಳುಗಳು, ಒಂದೂ ಕಚ್ಚಲಿಲ್ಲ. ತುಪ್ಪವಿದ್ದ ಮೂಲೆಯನ್ನಷ್ಟೇ ಬಿದಿರ ಸೀಳಿನಿಂದ ಕೊಯ್ದು, ಮರಿಗಳ ಭಾಗವನ್ನು ಹಾಗೇ ಬಿಟ್ಟು ಇಳಿದರು.

"ಎಲ್ಲಾ ಬೆರಳು ಕೂಡಿಸಿ ಕಟ್ಟೀರಿ, ಅದಕ್ಕ ಅಂಟ್ಯಾವ" ಎನ್ನುತ್ತ ಅಜ್ಜನವರು ಒಂದೊಂದು ಬೆರಳನ್ನೂ ನೀರಲ್ಲಿ ನೆನೆಸಿ ಬಿಡಿಸಿದರು, ತುಪ್ಪ ಸವರಿದ ಅರಿವೆಯನ್ನು ಬೇರೆ ಬೇರೆ ಸುತ್ತಿದರು. ಹಿಂಡಿ ಉಳಿದ ಮೇಣವನ್ನು ಕುಸುಬೆ ಎಣ್ಣೆಯಲ್ಲಿ ಕರಗಿಸಿ ಇಟ್ಟರು. ಹೊಸ ಚರ್ಮ ಬಂದ ಮೇಲೆ ಅದು ಒಣಗಿ ಬಿರಿಯದಂತೆ ಹಚ್ಚಲು. ಗಂಡಹೆಂಡಿರು ದಿನವೂ ಗುಡ್ಡ ಏರಿದರು. ಪಟ್ಟಿ ಕಟ್ಟುವುದನ್ನು ಬನದಪ್ಪನೇ ಕಲಿತ. ಅವನ ಒರಟು ಬೆರಳುಗಳು ಎಳೆ ಹೊಸೆಯುವಾಗಿನಷ್ಟೇ ಹಗುರಾದವು.

ಬೇವಿನ ಹೂ ಉದುರಿ ಕಾಯಿಗಟ್ಟುವ ಹೊತ್ತಿಗೆ ಕಡೆಯ ಪಟ್ಟಿಯೂ ಬಿಚ್ಚಿತು. ಅಜ್ಜನವರು ಪ್ರಸಾದದ ರೊಟ್ಟಿಯ ಚೂರೊಂದನ್ನು ಆಕೆಯ ಅಂಗೈಯಲ್ಲಿಟ್ಟು, "ಮಡಚವ್ವಾ" ಎಂದರು. ಬೆರಳು ಒಂದೊಂದಾಗಿ ಮಡಚಿದವು. ಮತ್ತೆ ಬಿಚ್ಚಿದವು. ಆಕೆ ಆ ತುತ್ತನ್ನು ತಾನು ತಿನ್ನಲಿಲ್ಲ. ಗಂಡನ ಬಾಯಿಗೆ ಹಿಡಿದಳು.

ಬನದಪ್ಪ ಅದನ್ನು ಬಾಯಿಗೆ ತೆಗೆದುಕೊಂಡ. ಕುಳಿತಲ್ಲೇ ಅತ್ತ. ಮೇಲಿಂದ ಒಂದು ಜೇನು ಬಂದು ಅವನ ಒದ್ದೆ ಕೆನ್ನೆಯ ಮೇಲೆ ಕೂತಿತು. ಅದು ತಾನಾಗಿ ಹಾರಿಹೋಗುವವರೆಗೂ ಅವನು ಅಲುಗಲಿಲ್ಲ.