ಅವ್ವನವರ ನರಳಿಕೆ

ಪೂಜ್ಯ ಗುರುಲಿಂಗಮ್ಮ ತಾಯಿಯವರು ಹಳ್ಳದ ದಂಡೆಯ ಮಣ್ಣಿನ ಮಠದಲ್ಲಿ ವಾಸವಾಗಿದ್ದ ಕಾಲವದು. ಮಠವೆಂದರೆ ಒಂದು ಪಡಸಾಲೆ, ಒಂದು ಅಡುಗೆಮನೆ, ಮೂಲೆಯಲ್ಲೊಂದು ಬೀಸುಕಲ್ಲು, ಅಷ್ಟೇ. ದಾಸೋಹಕ್ಕೆ ಬೇಕಾದ ಜೋಳವನ್ನು ತಾಯಿಯವರು ತಾವೇ ಬೀಸುತ್ತಿದ್ದರು. ಮೊಣಕಾಲಿನ ವಾತ ಅವರನ್ನು ನಡುವಯಸ್ಸಿನಲ್ಲೇ ಹಿಡಿದುಕೊಂಡಿತ್ತು. ಆದರೆ ಭಕ್ತರ ಬಾಯಿಗೆ ಬೀಗವುಂಟೇ! ಅವ್ವನವರು ನೋವನ್ನು ಗೆದ್ದಿದ್ದಾರೆ, ಅವರಿಗೆ ಅದು ತಟ್ಟುವುದೇ ಇಲ್ಲ ಎಂದು ಊರೂರಿಗೆ ಸುದ್ದಿ ಹಬ್ಬಿಸಿದ್ದರು.

ಆ ಸುದ್ದಿ ಕೇಳಿಯೇ ಕಲ್ಮೇಶಪ್ಪನೆಂಬ ಜಟ್ಟಿ ಮಠಕ್ಕೆ ಬಂದ. ಕುಸ್ತಿಯಲ್ಲಿ ಸೊಂಟ ಮುರಿದುಕೊಂಡು ಗರಡಿಮನೆ ಬಿಟ್ಟಿದ್ದವನು. ಮೂಳೆ ಕೂಡಿಕೊಂಡಿತು, ನೋವು ಮಾತ್ರ ಹೋಗಲಿಲ್ಲ. ಪೆಟ್ಟು ತಿಂದು ಬಾಯಿಬಿಟ್ಟವನು ಗಂಡಸೇ ಅಲ್ಲವೆಂದು ಉಸ್ತಾದರು ಚಿಕ್ಕಂದಿನಿಂದಲೂ ಅವನ ತಲೆಗೆ ತುಂಬಿದ್ದರು. ಹಾಗಾಗಿ ಹಲ್ಲು ಕಚ್ಚಿಕೊಂಡೇ ಇದ್ದ. ಹಲ್ಲು ಕಚ್ಚಿದವನು ಮಾತಾಡುವುದಾದರೂ ಹೇಗೆ? ಹೆಂಡತಿ ಫಕೀರವ್ವ ಏನು ಕೇಳಿದರೂ ಮುಖ ಗಂಟಿಕ್ಕಿಕೊಂಡು ಗೋಡೆಯ ಕಡೆ ಹೊರಳುತ್ತಿದ್ದ. ಇದೆಲ್ಲ ತನ್ನ ಮೇಲಿನ ಸಿಟ್ಟೆಂದೇ ತಿಳಿದ ಆಕೆ, ಬೇಡವಾದವಳು ಇದ್ದು ಏನು ಮಾಡಲಿ, ಅಮಾವಾಸ್ಯೆ ಕಳೆದ ಮೇಲೆ ತವರಿಗೆ ಹೋಗುತ್ತೇನೆ ಎಂದುಬಿಟ್ಟಿದ್ದಳು. ನೋವೊಂದು ರೂಢಿಯಾಗಿಬಿಟ್ಟರೆ ಎಲ್ಲವೂ ಸರಿಹೋದೀತೆಂದು, ಪಾಪ, ಅವನ ಆಸೆ.

ಒಳಗೆ ಕಾಲಿಡುತ್ತಲೇ ಅವನ ಕಿವಿಗೆ ಬಿದ್ದದ್ದು ನರಳಾಟ. ತಾಯಿಯವರು ಗೋಡೆ ಹಿಡಿದು ಬೀಸುಕಲ್ಲಿನ ಮುಂದೆ ಕೂರುತ್ತ, "ಅಯ್ಯೋ ನನ್ನಪ್ಪಾ, ಸತ್ತೆ" ಎನ್ನುತ್ತಿದ್ದರು. ಕಲ್ಮೇಶಪ್ಪ ಬೆಪ್ಪಾದ. ನೋವು ಗೆದ್ದವರೆಂದರೆ ಇವರೇನು? ಬಂದ ದಾರಿ ಹಿಡಿಯೋಣವೆನಿಸಿತು. ಆದರೂ ಅಷ್ಟು ದೂರ ನಡೆದು ಬಂದದ್ದಕ್ಕೆ ಅಡ್ಡಬಿದ್ದು, ತನ್ನ ಸೊಂಟದ ಕಥೆ ಹೇಳಿ, ಇದು ಎಂದಾದರೂ ರೂಢಿಯಾಗುತ್ತದೆಯೇ ಎಂದು ಕೇಳಿದ.

ತಾಯಿಯವರು ಅವನಿಗೆ ಎದುರಿಗೆ ಕೂತು ಕಲ್ಲಿನ ಗೂಟಕ್ಕೆ ಕೈಹಚ್ಚಲು ಹೇಳಿದರು. ಬೀಸುವುದು ಹೆಂಗಸರ ಕೆಲಸ, ಜಟ್ಟಿಗೆ ನಾಚಿಕೆಯಾಯಿತು. ಆದರೆ ಅವ್ವನವರ ಮಾತು ಮೀರುವುದುಂಟೇ? ಗರಡಿಯ ಹಟದಲ್ಲೇ ಗರಗರ ತಿರುವಿದ. ಸೊಂಟದಲ್ಲಿ ಚಳುಕು ಹೊಡೆಯಿತು, ಹಣೆ ಬೆವೆತಿತು. ಆತ ತುಟಿ ಬಿಚ್ಚಲಿಲ್ಲ. ತಾಯಿಯವರ ರೀತಿಯೇ ಬೇರೆ. ಬೆನ್ನಿಗೆ ಗೋಡೆ, ಮೊಣಕಾಲಿನ ಕೆಳಗೆ ಸುತ್ತಿಟ್ಟ ಕಂಬಳಿ. ತುಸು ಬೀಸುವರು, ನೋವು ಏರುವ ಮುಂಚೆಯೇ ಕಲ್ಲು ನಿಲ್ಲಿಸುವರು, ನರಳುವರು, ಕಾಲು ಸರಿಸಿಕೊಳ್ಳುವರು, ಕೈ ಬದಲಿಸಿ ಮತ್ತೆ ಹಿಡಿಯುವರು. ನಡುವೆ ಅವನ ಊರಿನ ಮಳೆಬೆಳೆ ವಿಚಾರಿಸಿ ನಗುವರು ಬೇರೆ. ಅವರು ನಿಂತಾಗಲೆಲ್ಲ ಇವನೂ ನಿಲ್ಲಲೇಬೇಕಾಯಿತು. ಹಾಗೆ ನಿಂತು ನಿಂತೇ ಮೊರ ತುಂಬಿತು.

ಆಗ ತಾಯಿಯವರು ಅವನ ಮುಖ ನೋಡಿದರು.

"ತಮ್ಮಾ, ಈ ನೋವು ಮೊದಲ ಹೆಂಗಿತ್ತೋ ಇವತ್ತೂ ಹಂಗ ಐತಿ. ಅದರ ಜೋಡಿ ಬಾಳೇವು ಮಾಡೂದು ನನಗ ರೂಢಿ ಆಗೇತಿ, ಅಷ್ಟ. ನೀ ಅದನ್ನ ಮುಚ್ಚಿಡೂದರಾಗ ಇದ್ದ ಶಕ್ತಿ ಎಲ್ಲಾ ಕಳಕೊಂಡಿ. ನೋಯ್ತೈತಿ ಅಂತ ಬಾಯಿಬಿಟ್ಟು ಹೇಳು."

"ಹೇಳಿದರ ಕಡಿಮಿ ಆಗತೈತೇನ್ರಿ, ಎವ್ವಾ?"

"ಇಲ್ಲ. ಮನ್ಯಾಗ ಇದ್ದಾಕಿಗೆ ತಿಳೀತೈತಿ."

ಮನೆಯ ಮಾತನ್ನು ಆತ ಎತ್ತಿರಲೇ ಇಲ್ಲ. ಕಲ್ಮೇಶಪ್ಪ ಗೂಟ ಬಿಟ್ಟು, ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತ. ತಾಯಿಯವರು ತಡೆಯಲಿಲ್ಲ.

ಮನೆ ಮುಟ್ಟಿದಾಗ ಫಕೀರವ್ವ ಸೀರೆಗಳನ್ನು ಗಂಟು ಕಟ್ಟುತ್ತಿದ್ದಳು. ಆತ ಬಾಗಿಲ ಚೌಕಟ್ಟು ಹಿಡಿದು ನಿಂತ. ಕೊನೆಗೂ ಕಚ್ಚಿದ ಹಲ್ಲು ಬಿಚ್ಚಿದ.

"ನಿನ್ನ ಮ್ಯಾಲೆ ಸಿಟ್ಟಿಲ್ಲ. ಸೊಂಟ ಭಾಳ ನೋಯ್ತೈತಿ. ದಿನಾ ನೋಯ್ತೈತಿ."

ಆಕೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಎದ್ದು ಬಂದಳು. ಎಲ್ಲಿ, ತೋರಿಸಿರಿ ಎಂದಳು. ಆತ ಅವಳ ಕೈ ಹಿಡಿದು ನೋವಿದ್ದ ಜಾಗಕ್ಕೆ ಒಯ್ದ.

ಆ ನೋವು ಕಲ್ಮೇಶಪ್ಪನನ್ನು ಸಾಯುವತನಕ ಬಿಡಲಿಲ್ಲ. ಫಕೀರವ್ವನೂ ಬಿಡಲಿಲ್ಲ.