ಪಡಿಯಚ್ಚಿಗೆ ಸಿಗದ ಮಾತುಗಳು

ಎರಡು ಹೊಳೆ ಕೂಡುವ ಕಡೆ ಶಂಭುಲಿಂಗ ಗುರುಗಳ ಆಶ್ರಮವಿತ್ತು. ಸತ್ತವರ ಅಸ್ಥಿ ಬಿಡಲು ಬಂದವರು ಸ್ನಾನ ಮುಗಿಸಿ, ಅಲ್ಲೇ ಒಂದು ಹೊತ್ತು ಉಂಡು ಹೋಗುತ್ತಿದ್ದರು.

ಹೊರಡುವ ಮುಂಚೆ ಹಿರಿಯ ಶಿಷ್ಯ ವೆಂಕಟಾಚಲ ಅವರನ್ನು ಒಂದೇ ಮಾತು ಕೇಳುತ್ತಿದ್ದ.

"ಅವರು ಹೇಗಿದ್ದರು?"

ಕೆಲವರು ಒಂದು ಸಾಲು ಹೇಳುತ್ತಿದ್ದರು. ಕೆಲವರು ಬಿಸಿಲು ಇಳಿಯುವವರೆಗೂ ಹೇಳುತ್ತಿದ್ದರು. ವೆಂಕಟಾಚಲ ಎಲ್ಲವನ್ನೂ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಬರೆದಿಡುತ್ತಿದ್ದ. ಯಾರ ಹೆಸರು, ಯಾವ ಊರು ಎನ್ನುವುದಷ್ಟೇ ಬೇರೆ ಒಂದು ಪುಸ್ತಕದಲ್ಲಿರುತ್ತಿತ್ತು. ಹದಿನಾಲ್ಕು ವರ್ಷ ಹೀಗೆ ಬರೆದ.

ಆ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಹಾಕಿಸಲು ಗುರುಗಳು ಒಪ್ಪಿರಲಿಲ್ಲ. "ಅತ್ತು ಹೇಳಿದ ಮಾತು ಸಂತೆಗೆ ಹೋಗಬಾರದು," ಎಂದಿದ್ದರು. ಹಾಗಾಗಿ ಆ ಮಾತುಗಳು ಬೇರೆಲ್ಲೂ ಇರಲಿಲ್ಲ.

ಮಾಗಿಯಲ್ಲಿ ವೆಂಕಟಾಚಲ ತೀರಿಕೊಂಡ. ತಿಂಗಳು ತುಂಬುವುದರೊಳಗೆ ಲ್ಯಾಪ್‌ಟಾಪಿನ ಹೊಟ್ಟೆಯಿಂದ ಟಿಕ್ ಟಿಕ್ ಸದ್ದು ಬರತೊಡಗಿತು.

ತಿಮ್ಮೇಶ ಸದ್ದು ಕೇಳಿದ ಕೂಡಲೇ ಗುರುತು ಹಿಡಿದ. ಅವನು ಹಿಂದೆ ತಾಲ್ಲೂಕು ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದವನು. ಆರು ವರ್ಷದ ಕೆಳಗೆ ಹೆಂಡತಿ ಜಯಶೀಲಳ ಅಸ್ಥಿ ಬಿಡಲು ಬಂದವನು ತಿರುಗಿ ಹೋಗದೆ, ಗುರುಗಳ ಶಿಷ್ಯನಾಗಿ ಉಳಿದುಬಿಟ್ಟಿದ್ದ.

"ಬುದ್ಧಿ, ಡಿಸ್ಕ್ ಸಾಯ್ತಾ ಇದೆ," ಎಂದ.

"ಉಳಿಸೋಕಾಗುತ್ತಾ?"

"ಡಿಸ್ಕನ್ನ ಉಳಿಸೋಕಾಗಲ್ಲ. ಅದರ ಪಡಿಯಚ್ಚು ತೆಗೆದಿಡಬಹುದು. ನನ್ನ ಹತ್ತಿರ ಒಂದು ಪೆನ್‌ಡ್ರೈವ್ ಇದೆ, ಆ ಕೆಲಸದ ಸಾಮಾನೆಲ್ಲ ಅದರಲ್ಲೇ ಇದೆ. ಲ್ಯಾಪ್‌ಟಾಪನ್ನ ಅದರಿಂದ ಎಬ್ಬಿಸಿದರೆ, ಇಲ್ಲಿರೋದನ್ನೆಲ್ಲ ಮೊದಲಿಂದ ಕೊನೇತನಕ ಹಾಗ್‌ಹಾಗೇ ಹೊಸ ಡಿಸ್ಕಿಗೆ ಇಳಿಸುತ್ತೆ."

"ಅದಕ್ಕೇನಾದರೂ ನಿಯಮ ಇದೆಯಾ?"

"ಒಂದೇ ಇದೆ ಬುದ್ಧಿ. ಪಡಿಯಚ್ಚು ಮುಗಿಯೋತನಕ ಹಳೇದನ್ನ ಯಾರೂ ತೆರೆದು ಓದಬಾರದು. ಅದರಲ್ಲಿ ಉಳಿದಿರೋ ಉಸಿರು ಒಂದು ಸಲಕ್ಕೆ ಸಾಕಾದರೆ ಹೆಚ್ಚು."

"ಸರಿ. ನಿನಗೇ ಬಿಟ್ಟಿದ್ದೀನಿ," ಎಂದರು ಗುರುಗಳು.

ತಿಮ್ಮೇಶ ಪೇಟೆಗೆ ಹೋಗಿ ಹೊಸ ಡಿಸ್ಕ್ ತಂದ. ಮರುದಿನ ಬೆಳಿಗ್ಗೆ ವೆಂಕಟಾಚಲನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತ. ಪೆನ್‌ಡ್ರೈವ್ ಕೈಯಲ್ಲೇ ಇತ್ತು.

ಇಳಿಸುವಾಗ ನಡುವೆ ನಿಂತುಹೋದರೆ, ಎಂದು ಅವನಿಗೆ ಅನ್ನಿಸಿತು. ಜಯಶೀಲಳದ್ದು ಸಿಗದೇ ಹೋದರೆ?

ಒಂದೇ ಸಲ ನೋಡಿಬಿಡೋಣ ಎಂದುಕೊಂಡ. ಪೆನ್‌ಡ್ರೈವ್ ಕೆಳಗಿಟ್ಟು ಲ್ಯಾಪ್‌ಟಾಪನ್ನು ಎಂದಿನಂತೆ ತೆರೆದು, ಅವಳ ಹೆಸರು ಹುಡುಕಿದ. ಡಿಸ್ಕ್ ಬಹಳ ಹೊತ್ತು ಟಿಕ್ ಟಿಕ್ ಎಂದಿತು. ಆಮೇಲೆ ಸಾಲುಗಳು ಬಂದವು.

"ಜಯಶೀಲ. ಮೂವತ್ತೆಂಟು ವರ್ಷ. ನಿದ್ದೆಯಲ್ಲಿ ನನ್ನ ಅಂಗಿಯ ಚುಂಗು ಹಿಡಿದುಕೊಂಡು ಮಲಗುತ್ತಿದ್ದಳು. ಅವಳಿಗೆ ಎಚ್ಚರವಾದೀತು ಅಂತ ನಾನು ಮಗ್ಗುಲು ಬದಲಾಯಿಸುತ್ತಿರಲಿಲ್ಲ."

ತಾನು ಮಗ್ಗುಲು ಬದಲಾಯಿಸುತ್ತಿರಲಿಲ್ಲ ಎನ್ನುವುದನ್ನು ತಿಮ್ಮೇಶ ಮರೆತೇಬಿಟ್ಟಿದ್ದ.

ಮಧ್ಯಾಹ್ನ ಇನ್ನೊಂದು ಸಲ ಓದಿದ. ಮಾರನೇ ದಿನವೂ ತೆರೆದ. ಅದರ ಮಾರನೇ ದಿನವೂ. ನಾಳೆ ಇಳಿಸಿದರಾಯಿತು ಎಂದುಕೊಂಡ.

ನಾಲ್ಕನೇ ದಿನ ಪೆನ್‌ಡ್ರೈವ್ ಚುಚ್ಚಿದ. ಪಡಿಯಚ್ಚು ಇಳಿಯತೊಡಗಿತು. ಮುಕ್ಕಾಲು ಪಾಲು ಇಳಿದ ಮೇಲೆ, ಒಳಗೆ ತಗಡು ಕೆರೆದಂಥ ಸದ್ದಾಯಿತು. ಆಮೇಲೆ ಸದ್ದೇ ಇಲ್ಲ. ಅವನು ಏನೇನು ಮಾಡಿದರೂ ಡಿಸ್ಕ್ ಮತ್ತೆ ತಿರುಗಲಿಲ್ಲ.

ಗುರುಗಳು ಹೊಳೆದಡದಲ್ಲಿ ಬಟ್ಟೆ ಜಾಲಿಸುತ್ತಿದ್ದರು. ತಿಮ್ಮೇಶ ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಹೇಳಿದ. ಓದಿದ್ದನ್ನೂ ಹೇಳಿದ.

"ಎಷ್ಟು ಹೋಯಿತು?"

"ಹೆಸರು, ಊರಿನ ಪುಸ್ತಕ ಇಟ್ಟುಕೊಂಡು ತಾಳೆ ನೋಡಿದೆ ಬುದ್ಧಿ. ಹಳೇದು ಹೊಸದು ಅಂತಿಲ್ಲ, ಅಲ್ಲೊಂದು ಇಲ್ಲೊಂದು, ಇನ್ನೂರ ಹನ್ನೆರಡು ಜನರ ಮಾತು ಹೋಗಿದೆ."

"ಮೊದಲ ದಿನವೇ ಇಳಿಸಿದ್ದರೆ?"

"ಎಲ್ಲಾ ಸಿಗ್ತಿತ್ತೇನೋ."

"ನಿನ್ನದು?"

ತಿಮ್ಮೇಶ ತಲೆ ತಗ್ಗಿಸಿದ. "ಇದೆ ಬುದ್ಧಿ."

ಗುರುಗಳು ಬಟ್ಟೆ ಹಿಂಡಿ ಬಂಡೆಯ ಮೇಲೆ ಹರವಿದರು.

"ಬೈಯಿರಿ ಬುದ್ಧಿ. ಇಲ್ಲಾ, ಆಶ್ರಮ ಬಿಟ್ಟು ಹೋಗು ಅನ್ನಿ."

"ನಾಳೆಯಿಂದ ವೆಂಕಟಾಚಲನ ಕೆಲಸ ನಿನ್ನದು. ಬಂದವರನ್ನ ನೀನೇ ಮಾತಾಡಿಸು."

"ಯಾವ ಮುಖ ಇಟ್ಟುಕೊಂಡು ಮಾತಾಡಿಸಲಿ?"

"ಇದನ್ನೇ."

ಎರಡು ವಾರವಾದ ಮೇಲೆ ಒಬ್ಬ ಮುದುಕಿ ಬಂದಳು. ಹೆಸರು ಮಾಯಿಗಮ್ಮ. ಬಸ್ಸಿಳಿದು ಎರಡು ಮೈಲಿ ಕೋಲೂರಿಕೊಂಡು ನಡೆದಿದ್ದಳು. ಕೈಯಲ್ಲಿ ಅಸ್ಥಿಯ ಕುಡಿಕೆ ಇರಲಿಲ್ಲ.

"ನನ್ ಮಗ ಚಲುವರಾಜ," ಎಂದಳು. "ನಾಲೆಗೆ ಬಿದ್ದು ಹೋದ. ಒಂಬತ್ತು ವರ್ಸಾತು. ಅವತ್ತು ಇಲ್ಲಿ ಬರ್ಸಿ ಹೋಗಿದ್ದೆ."

ತಿಮ್ಮೇಶ ಪುಸ್ತಕ ನೋಡಬೇಕಾಗಿರಲಿಲ್ಲ. ಇನ್ನೂರ ಹನ್ನೆರಡು ಹೆಸರೂ ಅವನಿಗೆ ಬಾಯಿಪಾಠವಾಗಿದ್ದವು.

"ಈಗೀಗ ಅವ್ನ ಮಕ ಬತ್ತದೆ. ಅವ್ನು ಹೆಂಗಿದ್ದ ಅನ್ನೋದು ಬರಾಕಿಲ್ಲ ಕಣಪ್ಪ. ತಲೆ ಮಂಕಾಗದೆ. ಇಲ್ಲಿ ಬರ್ಸಿದ್ನಲ್ಲ, ಓದುಸ್ಕಂಡು ಬರಾಣ ಅಂತ ಬಂದೆ."

ಗುರುಗಳು ಜಗುಲಿಯ ಕಂಬದ ಹತ್ತಿರ ನಿಂತಿದ್ದರು. ತಿಮ್ಮೇಶ ಅವರ ಕಡೆ ನೋಡಿದ.

"ಅವ್ವ, ಅದು ಇಲ್ಲ," ಎಂದ. "ನಾನು ಕಳೆದುಬಿಟ್ಟೆ."

"ಹೊಳೆನೀರು ನುಗ್ತಾ?"

"ಇಲ್ಲ ಅವ್ವ. ಮಿಷಿನ್ನು ಕೆಡ್ತಾ ಇತ್ತು. ಮೊದಲು ಎಲ್ಲರದ್ದನ್ನೂ ಉಳಿಸಬೇಕಿತ್ತು. ನಾನು ನನ್ನ ಹೆಂಡತಿದನ್ನ ಓದ್ತಾ ಕೂತೆ. ಅಷ್ಟರಲ್ಲಿ ನಿಮ್ಮ ಮಗಂದು ಹೋಯ್ತು."

ಮಾಯಿಗಮ್ಮ ಅವನ ಮುಖವನ್ನೇ ನೋಡಿದಳು.

"ನಿನ್ನೆಂಡ್ರೂ ಹೋಗ್ಬುಟ್ಳಾ?"

"ಹೂಂ ಅವ್ವ."

ಆಕೆ ಕೋಲನ್ನು ಪಕ್ಕಕ್ಕಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ತಿಮ್ಮೇಶನಿಗೆ ಅನ್ನಿಸಿತು.

"ಇನ್ನೊಂದು ಸಲ ಹೇಳಿ ಅವ್ವ. ಬರ್ಕೋತೀನಿ. ಈ ಸಲ ಕಾಗದದಲ್ಲೂ ಬರ್ಕೋತೀನಿ."

ಆಕೆ ಹೇಳಲು ಬಾಯಿ ತೆರೆದಳು. ತುಟಿ ಸ್ವಲ್ಪ ಅಲ್ಲಾಡಿತು. ತಿಮ್ಮೇಶ ಪೆನ್ನು ಹಿಡಿದು ಕಾದ. ಮತ್ತೆ ಬಾಯಿ ಮುಚ್ಚಿದಳು.

"ಏನೋ ಒಂದು ಚೆಂದಾಗಿ ಹೇಳಿದ್ದೆ ಕಣಪ್ಪ," ಎಂದಳು. "ಇಲ್ಲಿದ್ದ ಅಯ್ಯನೋರು ಬರ್ಕಂಡು ಕಣ್ಣೊರೆಸ್ಕಂಡ್ರು. ಅಷ್ಟೇ ಗ್ಯಾನದಲ್ಲಿರೋದು."

ಹೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ತಿಮ್ಮೇಶ ಎದ್ದು ಗುರುಗಳ ಹತ್ತಿರ ಹೋದ.

"ಬುದ್ಧಿ, ಇದನ್ನ ಹೇಗೆ ತೀರಿಸಲಿ?"

"ತೀರೋದಲ್ಲ."

"ಹಾಗಾದರೆ ನಾನೇನು ಮಾಡಲಿ?"

ಗುರುಗಳು ಒಳಗೆ ಹೋಗಿ ಹೆಸರು, ಊರಿನ ಪುಸ್ತಕ ತಂದು ಅವನ ಕೈಗಿಟ್ಟರು.

"ಈ ತಾಯಿಗೆ ಊಟ ಬಡಿಸು. ಆಮೇಲೆ ಜೊತೇಲಿ ಇವರೂರಿಗೆ ಹೋಗು. ಚಲುವರಾಜನ ಓರಗೆಯವರು ಇರ್ತಾರೆ. ಅವನಿಗೆ ಪಾಠ ಹೇಳಿದವರು ಇರ್ತಾರೆ. ಕೇಳು."

"ಆಮೇಲೆ ಬುದ್ಧಿ?"

"ಆಮೇಲೆ ಉಳಿದ ಇನ್ನೂರ ಹನ್ನೊಂದು ಮನೆ. ಪ್ರತಿ ಬಾಗಿಲಲ್ಲೂ ಮೊದಲು, ಅದನ್ನ ಕಳೆದವನು ನಾನು ಅಂತ ಹೇಳು. ಆಮೇಲೆ, ಅವರು ಹೇಗಿದ್ದರು ಅಂತ ಕೇಳು."

ತಿಮ್ಮೇಶ ಪುಸ್ತಕವನ್ನು ಎದೆಗೆ ಅವಚಿಕೊಂಡ. ಮಾಯಿಗಮ್ಮನ ಕಡೆ ತಿರುಗಿ ನೋಡಿದ. ಆಕೆ ಇನ್ನೂ ನೆನಪಿಸಿಕೊಳ್ಳುತ್ತಲೇ ಇದ್ದಳು.

"ಬುದ್ಧಿ, ಅವರಿಗೂ ನೆನಪಿಲ್ಲದೆ ಹೋಗಿದ್ದರೆ?"

ಗುರುಗಳು ಹೇಳಿದರು: "ಸ್ವಲ್ಪ ಹೊತ್ತು ಅವರ ಹತ್ತಿರ ಕೂತಿದ್ದು ಬಾ."