ಹೆಂಟೆದಿಣ್ಣೆಯ ಹತ್ತು ಹೆಜ್ಜೆ

ಚಿಲಗೋಡಿನ ಬಸ್ ನಿಲ್ದಾಣದಿಂದ ಪಡುವಣಕ್ಕೆ ಕೂಗಳತೆಯಷ್ಟು ನಡೆದರೆ ಪುರಸಭೆಯ ಬಯಲು ಸಿಗುತ್ತದೆ. ಸುತ್ತಲೂ ಹಸಿರು ಬಣ್ಣದ ಕಬ್ಬಿಣದ ಬೇಲಿ, ನಡುವೆ ಕುದುರೆಗೊಳವೆಂಬ ಮೆಟ್ಟಿಲು ಕಟ್ಟಿದ ಕೊಳ, ಬಡಗಣ ಕಡೆಗೆ ದೊಡ್ಡ ಗೇಟು. ಗೇಟಿನ ಮೇಲೆ 'ಅರಮನೆಯು ಊರಿಗೆ ಬಿಟ್ಟುಕೊಟ್ಟ ನೆಲ, ಸಮಸ್ತ ನಾಗರಿಕರ ಉಪಯೋಗಕ್ಕೆ' ಎಂದು ಬರೆಸಿದ್ದಾರೆ. ತೆಂಕಣ ಮೂಲೆಯಲ್ಲಿ ಒಂದು ಪುಟ್ಟ ಗುಡಿಯಿದೆ. ಗುಡಿಯಿಂದ ಹತ್ತು ಹೆಜ್ಜೆ ಈಚೆಗೆ ಮೊಣಕಾಲೆತ್ತರದ ಒಂದು ಮಣ್ಣಿನ ದಿಣ್ಣೆ. ಇದನ್ನು ಹೆಂಟೆದಿಣ್ಣೆ ಎನ್ನುತ್ತಾರೆ. ಬಯಲನ್ನೆಲ್ಲ ಬಳಸಿ ಬಂದ ಬೇಲಿ ಈ ದಿಣ್ಣೆಗೂ ಗುಡಿಗೂ ನಡುವೆ ಮಾತ್ರ ಇಲ್ಲ. ಹೊಸಬರು ಇದನ್ನು ಗುತ್ತಿಗೆದಾರ ಕಬ್ಬಿಣ ತಿಂದ ಗುರುತು ಎಂದುಕೊಳ್ಳುತ್ತಾರೆ. ಅವನು ತಿಂದಿರುವುದೂ ನಿಜವೇ, ಆದರೆ ಅದು ಬೇರೆ ಕಡೆ. ಈ ಹತ್ತು ಹೆಜ್ಜೆಯ ಕಥೆ ಬಹಳ ಹಳೆಯದು. ಅದರಲ್ಲಿ ಬರುವ ಊರ ಹಿರಿಯರ ಪೈಕಿ ನನ್ನ ವಂಶದವನೂ ಒಬ್ಬನಿದ್ದ. ಹಾಗಾಗಿ ಇದನ್ನು ಹೇಳುವಾಗಲೆಲ್ಲ ನನ್ನ ಬಾಯಿ ಕಹಿಯಾಗುತ್ತದೆ.

ಹಿಂದೆ ಒಮ್ಮೆ ಈ ಬಯಲೆಲ್ಲ ಅರಮನೆಯ ಕುದುರೆಗಳು ಮೇಯುವ ಜಾಗವಾಗಿತ್ತು. ಊರಿನವರು ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಆದರೆ ತೆಂಕಣ ಅಂಚಿಗೆ, ಊರು ಮುಟ್ಟಿಸಿಕೊಳ್ಳದ ಕುಳವಾಡಿಗಳ ಕೇರಿಯಿತ್ತು. ಕೇರಿಯವರು ಲಾಯದ ಸಗಣಿ ಬಾಚಿ, ಕುದುರೆ ತೊಳೆದು, ಕೂಲಿಯ ಜೊತೆಗೆ ಗೊಳದಿಂದ ಕೊಡ ತುಂಬಿಕೊಂಡು ಹೋಗುತ್ತಿದ್ದರು. ಲಾಯದ ರಾವುತರು ದೂರದೇಶದವರು; ನೀರು ಮುಟ್ಟಿದ ಕೈ ಯಾರದೆಂದು ಕೇಳಿದವರಲ್ಲ. ಅರಮನೆಯ ನೆಲವಾಗಿದ್ದಷ್ಟು ಕಾಲ ಆ ಕೇರಿಗೆ ಕುಡಿಯಲು ಒಳ್ಳೆಯ ನೀರಿತ್ತು ಎಂಬುದನ್ನು ಓದುವವರು ಮರೆಯಬಾರದು. ಅದು ಬಿಟ್ಟರೆ ಅವರಿಗಿದ್ದದ್ದು ಊರ ಕೊಚ್ಚೆಯೆಲ್ಲ ಸೇರುವ ಹಳ್ಳ.

ಮುಂದೆ ದೊರೆ ಲಾಯವನ್ನು ಬೇರೆಡೆಗೆ ಸಾಗಿಸಿ, ಬಯಲನ್ನೂ ಗೊಳವನ್ನೂ ಚಿಲಗೋಡಿನ ಸಮಸ್ತರಿಗೆ ಬಿಟ್ಟುಕೊಟ್ಟ. ಎಲ್ಲೆ ಗೊತ್ತುಮಾಡಲು ಪಾರುಪತ್ತೇಗಾರನೆಂಬ ಅರಮನೆಯ ಅಧಿಕಾರಿ ಬಂದ. ಆ ಕಾಲದಲ್ಲಿ ಎಲ್ಲೆ ಗೊತ್ತುಮಾಡುವ ಕ್ರಮ ಒಂದೇ. ಅದೇ ನೆಲದ ಮಣ್ಣನ್ನು ನೀರಲ್ಲಿ ಕಲಸಿ ಕುಂಬಳಕಾಯಿ ಗಾತ್ರದ ಹೆಂಟೆ ಕಟ್ಟಿ, ಊರ ಕುಳವಾಡಿಯ ತಲೆಯ ಮೇಲೆ ಇಡುವುದು. ಅವನು ಮೊದಲ ಗಡಿಕಲ್ಲಿನಿಂದ ಹೊರಟು ಸುತ್ತು ಬಂದು ಅದೇ ಕಲ್ಲಿನ ಮೇಲೆ ಹೆಂಟೆ ಇಳಿಸಬೇಕು. ಅವನು ನಡೆದದ್ದೇ ಎಲ್ಲೆ. ನಡೆಯುವಾಗ ಅವನನ್ನು ಯಾರೂ ತಡೆಯಬಾರದು, ಮಾತಾಡಿಸಬಾರದು. ಹೆಂಟೆ ನಡುವೆ ಒಡೆದರೆ ಅವನು ಸುಳ್ಳು ನಡೆದನೆಂದು ಅರ್ಥ. ವರ್ಷವೆಲ್ಲ ನೆರಳು ಸೋಕಿದರೆ ಮೈಲಿಗೆ ಎನ್ನುವ ಜನಕ್ಕೆ ಗಡಿ ಹೇಳಲು ಮಾತ್ರ ಅದೇ ಮನುಷ್ಯ ಬೇಕಾಗಿತ್ತು.

ಆಗಿನ ಕುಳವಾಡಿ ಚಿಕ್ಕೈದನೆಂಬ ಮುದುಕ. ಹಿಂದಿನ ದಿನ ಊರಿನ ಮುಖಂಡನಾದ ಪಟ್ಟಣಶೆಟ್ಟಿ ಸಿರಿಯಣ್ಣ ನಾಲ್ವರು ಹಿರಿಯರೊಂದಿಗೆ ಕೇರಿಯ ಬಾಯಿಗೆ ಬಂದು, ಮೂಗಿಗೆ ಉತ್ತರೀಯ ಒತ್ತಿಕೊಂಡು ನಿಂತು, ಕೇರಿಗೂ ಗೊಳಕ್ಕೂ ನಡುವೆ ಗೂಟ ಹೊಡೆಸಿದ. ನಾಳೆ ಈ ಗೂಟದ ಸಾಲಲ್ಲೇ ನಡೆಯಬೇಕೆಂದು ಅಪ್ಪಣೆಯಾಯಿತು. ಕೇರಿ ಎಲ್ಲೆಯ ಹೊರಗುಳಿದರೆ ಕೇರಿಯವರು ಊರಿನ ಸಮಸ್ತರಲ್ಲಿ ಸೇರುವುದಿಲ್ಲ, ಆಗ ಗೊಳ ಶುದ್ಧಮಾಡಿಸಿ ಮುಳ್ಳುಬೇಲಿ ಹಾಕಿಸಬಹುದು ಎಂಬುದು ಅವರ ಲೆಕ್ಕಾಚಾರ. ದೊರೆ ಎಲ್ಲರಿಗೂ ಎಂದು ಕೊಟ್ಟದ್ದು ಕೈಗೆ ಬರುವ ಮುಂಚೆಯೇ ಯಾರಿಗೆ ಇಲ್ಲವೆನ್ನೋಣ ಎಂದು ಹುಡುಕಿದ ಈ ಬುದ್ಧಿಗೆ ಏನೆನ್ನಬೇಕೋ ನನಗೆ ತಿಳಿಯದು. ಥೂ ಎನ್ನದೆ ಇರಲು ಆಗುವುದಿಲ್ಲ. ಚಿಕ್ಕೈದ ಕೈಮುಗಿದು ಕೇಳಿದನಂತೆ: "ನಮ್ ಹೆಣ್ಮಕ್ಳು ನೀರ್ಗೆ ಎತ್ತಾಗ್ ಹೋಗದು ಬುದ್ಧಿ?" ಶೆಟ್ಟಿ ಹಳ್ಳದ ಕಡೆಗೆ ಬೆರಳು ತೋರಿಸಿದ.

ಮರುದಿನ ಚಿಕ್ಕೈದ ತೆಂಕಣ ಮೂಲೆಯ ಮೊದಲ ಕಲ್ಲಿನಿಂದ ಹೆಂಟೆ ಹೊತ್ತು ಹೊರಟ. ಮೂಡಣ, ಬಡಗಣ, ಪಡುವಣ ಮೂರೂ ಮಗ್ಗುಲಲ್ಲಿ ಹಿರಿಯರು ಅವನ ಹಿಂದೆಯೇ ಕಣ್ಣಿಟ್ಟು ನಡೆದರು. ತೆಂಕಣ ಮಗ್ಗುಲಿಗೆ ಬರುತ್ತಲೇ ಅವರ ಕಾಲು ನಿಂತಿತು. ಅಲ್ಲಿ ಕೇರಿಯ ಗಾಳಿ ಬೀಸುತ್ತದೆ, ಸೋಕಿದರೆ ಮತ್ತೆ ಸ್ನಾನವಾಗಬೇಕು. ಗೂಟ ಹೊಡೆದಿದ್ದೇವಲ್ಲ ಎಂದು ಬಂದ ದಾರಿಯಲ್ಲೇ ಹಿಂತಿರುಗಿ, ಮೊದಲ ಕಲ್ಲಿನ ಹತ್ತಿರ ಹೋಗಿ ಕಾದರು. ಪಾರುಪತ್ತೇಗಾರನೂ ಅವನ ಆಳುಗಳೂ ಮಾತ್ರ ಹಿಂದೆ ಉಳಿದರು. ಚಿಕ್ಕೈದ ಗೂಟಗಳನ್ನು ಎಡಕ್ಕೆ ಬಿಟ್ಟು, ಕೇರಿಯ ಕೊನೆಯ ಗುಡಿಸಲನ್ನೂ ಬಳಸಿ ನಡೆದ. ಇಡೀ ಕೇರಿ ಎಲ್ಲೆಯ ಒಳಗೆ ಬಂತು. ಹೆಂಟೆಯಲ್ಲಿ ಒಂದು ಬಿರುಕೂ ಬಿಡಲಿಲ್ಲ.

ಅವನು ಗುಡಿಸಲುಗಳ ಆಚೆ ಮರೆಯಾದಾಗಲೇ ಹಿರಿಯರಿಗೆ ಮೋಸಹೋದದ್ದು ತಿಳಿಯಿತು. ತಡೆಯುವಂತಿಲ್ಲ, ಕೂಗುವಂತಿಲ್ಲ. ಆಗ ಪಟ್ಟಣಶೆಟ್ಟಿ ಮಾಡಿದ ಕೆಲಸವನ್ನು ಊರಿನಲ್ಲಿ ಇಂದಿಗೂ ಕೆಲವರು ಜಾಣತನವೆಂದು ಹೊಗಳುತ್ತಾರೆ. ನಾನು ಹೊಗಳಲಾರೆ. ಮೊದಲ ಕಲ್ಲಿಗೆ ಅರಿಸಿನ ಮೆತ್ತಿಸಿ, ಕುಂಕುಮವಿಟ್ಟು, ಹೂವೇರಿಸಿ, ತೆಂಗಿನಕಾಯಿ ಒಡೆಸಿಬಿಟ್ಟ. ಚಿಕ್ಕೈದ ಬರುವ ಹೊತ್ತಿಗೆ ಕಲ್ಲು ದೇವರಾಗಿತ್ತು. ಹತ್ತು ಹೆಜ್ಜೆ ದೂರದಲ್ಲಿ ಅವನನ್ನು ನಿಲ್ಲಿಸದೆ ನಿಲ್ಲಿಸಿದರು. ದೇವರ ಹತ್ತಿರಕ್ಕೆ ಅವನು ಹೇಗೆ ಬಂದಾನು? ದೇವರ ವಿಷಯಕ್ಕೆ ತಾನು ಬರಲಾರೆನೆಂದು ಪಾರುಪತ್ತೇಗಾರ ಮುಖ ತಿರುಗಿಸಿದ. "ಒತ್ತಾರೆ ಕಲ್ಲಾಗಿತ್ತಲ್ಲ ಬುದ್ಧಿ" ಎಂದನಂತೆ ಮುದುಕ.

ಹೆಂಟೆ ಒಣಗಿ ಒಡೆದರೆ ನಡಿಗೆ ಸುಳ್ಳಾಗುತ್ತದೆ, ಗೂಟದ ಸಾಲೇ ಉಳಿಯುತ್ತದೆ ಎಂದು ಹಿರಿಯರು ನೆರಳಲ್ಲಿ ಕುಳಿತು ಎಲೆಯಡಿಕೆ ಹಾಕುತ್ತ ಕಾದರು. ಚಿಕ್ಕೈದ ಕದಲಲಿಲ್ಲ. ಕೇರಿಯ ಹೆಂಗಸರು ಗೊಳದ ನೀರು ತಂದು ಹೊತ್ತುಹೊತ್ತಿಗೆ ಹೆಂಟೆಯನ್ನು ನೆನೆಸಿದರು. ಮೂರು ಹಗಲು ಅವನು ಹಾಗೆಯೇ ನಿಂತಿದ್ದನೆಂದೂ, ಮೂರನೆಯ ಹಗಲು ಹೆಂಟೆಯಲ್ಲಿ ಕುದುರೆಹುಲ್ಲು ಮೊಳೆಯಿತೆಂದೂ ಹೇಳುತ್ತಾರೆ. ಅಂದು ಇಳಿಹೊತ್ತಿಗೆ ಅವನು ಮಂಡಿಯೂರಿ, ಎರಡೂ ಕೈಯಿಂದ ಹೆಂಟೆಯನ್ನು ಮೆಲ್ಲಗೆ ನೆಲಕ್ಕಿಳಿಸಿ, ಅದರ ಪಕ್ಕದಲ್ಲೇ ಪ್ರಾಣ ಬಿಟ್ಟ. ಹೆಂಟೆ ಇಡಿಯಾಗಿತ್ತು.

ಆಗ ಪಾರುಪತ್ತೇಗಾರನಿಗೆ ನಾಚಿಕೆಯಾಯಿತೋ ಭಯವಾಯಿತೋ, ತೀರ್ಪು ಹೇಳಿದ. ಹೆಂಟೆ ಒಡೆದಿಲ್ಲ, ಆದ್ದರಿಂದ ನಡಿಗೆ ಸುಳ್ಳಲ್ಲ. ಕಲ್ಲು ಮುಟ್ಟಿಲ್ಲ, ಆದ್ದರಿಂದ ಎಲ್ಲೆ ಕೂಡಿಲ್ಲ. ಉಳಿದ ಕಡೆ ನಿಮ್ಮ ಗೂಟದ ಮೇಲೆ ಬೇಲಿ ಹಾಕಿಕೊಳ್ಳಿ, ಈ ಹತ್ತು ಹೆಜ್ಜೆ ಮಾತ್ರ ಮುಚ್ಚಕೂಡದು. ಅಲ್ಲಿಂದ ಒಳಬಂದವರನ್ನು ತಡೆಯಕೂಡದು. ಯಾವ ದಿನ ಇವನ ವಂಶದವರು ಹೆಂಟೆಯನ್ನು ಆ ಕಲ್ಲಿನ ಮೇಲೆ ಇಳಿಸುತ್ತಾರೋ ಅಂದು ಇವನು ನಡೆದ ಎಲ್ಲೆ ಕೂಡುತ್ತದೆ, ಅಂದು ಮುಚ್ಚಿಕೊಳ್ಳಿ ಎಂದ. ಹಿರಿಯರಿಗೆ ಎರಡೂ ಬೇಡವಾಯಿತು. ತಾವೇ ಮಾಡಿದ ದೇವರನ್ನು ಆ ಕೈ ಮುಟ್ಟುವುದು ಬೇಡ, ಕೇರಿ ಊರಿನೊಳಗೆ ಬರುವುದೂ ಬೇಡ. ಹತ್ತು ಹೆಜ್ಜೆ ತೆರೆದೇ ಉಳಿಯಿತು. ಕಲ್ಲಿನ ಮೇಲೆ ಗುಡಿ ಎದ್ದಿತು, ಹೆಂಟೆ ಇಳಿಸಿದ ಜಾಗ ದಿಣ್ಣೆಯಾಯಿತು.

ಕಳೆದ ವರ್ಷ ಕಬ್ಬಿಣದ ಬೇಲಿ ಬಂದಾಗ ಪುರಸಭೆಯವರು ಆ ಸಂದನ್ನೂ ಮುಚ್ಚಲು ಕಂಬ ತರಿಸಿದರು. ಬಯಲಿನ ಅಂದ ಕೆಡುತ್ತದೆಯಂತೆ. ನಾನೂ ಅಲ್ಲಿದ್ದೆ. ಚಿಕ್ಕೈದನ ವಂಶದ ಸಿದ್ದಾಜಮ್ಮ ಸೆರಗು ಸಿಕ್ಕಿಸಿಕೊಂಡು ದಿಣ್ಣೆಯ ಮುಂದೆ ನಿಂತಳು. "ಮುಚ್ಕಳಿ, ಯಾರ್ ಬ್ಯಾಡ ಅಂದೋರು? ಹೆಂಟೆ ನಾನೇ ಹೊತ್ಕ ಬತ್ತೀನಿ. ಮೊದ್ಲು ಗುಡಿ ಬಾಗ್ಲ ತಗೀರಿ" ಎಂದಳು. ಅಧ್ಯಕ್ಷರು ಕೈಗಡಿಯಾರ ನೋಡಿಕೊಂಡರು. ಸದಸ್ಯರೊಬ್ಬರಿಗೆ ಫೋನ್ ಬಂತು. ಗುಡಿಯ ಬೀಗದ ಕೈ ನನ್ನ ತಮ್ಮನ ಸೊಂಟದಲ್ಲಿತ್ತು. ಅವನು ಅದರ ಮೇಲೆ ಅಂಗಿ ಎಳೆದುಕೊಂಡ.

ಕಂಬಗಳು ಇಂದಿಗೂ ಗುಡಿಯ ಹಿಂದೆ ತುಕ್ಕು ಹಿಡಿಯುತ್ತ ಬಿದ್ದಿವೆ. ನೋಡಲು ಬಂದವರಿಗೆ ದಿಣ್ಣೆಯ ಮೇಲೆ ಬೇಸಿಗೆಯಲ್ಲೂ ಹಸಿರು ಹುಲ್ಲು ಕಾಣುತ್ತದೆ, ಕೇರಿಯ ಹೆಂಗಸರು ಕೊಡ ತುಂಬಿಕೊಂಡು ಹಿಂತಿರುಗುವಾಗ ಅದರ ಮೇಲೆ ಒಂದೊಂದು ಬೊಗಸೆ ನೀರು ಚೆಲ್ಲುವುದೂ ಕಾಣುತ್ತದೆ. ಸಮಸ್ತ ನಾಗರಿಕರ ಗೇಟಿಗೆ ಸಂಜೆ ಆರು ಗಂಟೆಗೆ ಬೀಗ ಬೀಳುತ್ತದೆ. ಆಮೇಲೆ ಬಯಲಿನೊಳಗೆ ಕಾಲಿಡಬೇಕಾದವರು, ಅಧ್ಯಕ್ಷರೂ ಸೇರಿದಂತೆ, ಚಿಕ್ಕೈದನ ಹತ್ತು ಹೆಜ್ಜೆಯಲ್ಲೇ ಹೋಗಬೇಕು.